ಲಾಭ, ಎರಡು, ಮೂರು

"ಬಿಡ್ರಿ" ಎಂದರೋ "ಬಿಡಬ್ಯಾಡ್ರಿ" ಎಂದರೋ ನನಗೆ ಖಚಿತವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಎಷ್ಟೋ ವರ್ಷ ಇದೇ ಮಾತನ್ನು ಖಚಿತವಾಗಿ ಕೇಳಿಸಿಕೊಂಡವನಂತೆ ನಡೆದುಕೊಂಡಿದ್ದೇನೆ, ಅದರ ಮೇಲೆ ಒಂದು ವರದಿಯನ್ನೂ ನಿಲ್ಲಿಸಿದ್ದೇನೆ. ನೆನಪಿನಲ್ಲಿ ಇರುವುದಿಷ್ಟು: ವಳಕಮದಿನ್ನಿಯ ಒಂದು ಗದ್ದೆ. ಭತ್ತದ ಕೊಯ್ಲು ಮುಗಿದು ಕೂಳೆ ಕಾಲಿಗೆ ಚುಚ್ಚುತ್ತಿದೆ. ನಮ್ಮ ಕೇಂದ್ರದ ಕ್ಷೇತ್ರ ಸಹಾಯಕರು ಮಣ್ಣು ಕೊರೆಯುವ ಉಕ್ಕಿನ ಬೈರಿಗೆಯನ್ನು ಗದ್ದೆಯ ಒಂದು ಮೂಲೆಯಲ್ಲಿ ಇಳಿಸಿ, ತಿರುವಿ, ಮೇಲೆತ್ತಿ, ಅದರ ಬಾಯಿಯ ಮಣ್ಣನ್ನು ಅಂಗೈಗೆ ಉದುರಿಸಿಕೊಂಡು "ಲಾಭ" ಎನ್ನುತ್ತಾರೆ. ನಾನು ಏನೋ ಕೇಳುತ್ತೇನೆ. ಅವರು ಏನೋ ಹೇಳುತ್ತಾರೆ. ಕಾಲುವೆಯ ಏರಿಯ ಮೇಲೆ ಒಂದು ಟ್ರ್ಯಾಕ್ಟರ್ ಸದ್ದು ಮಾಡುತ್ತ ಹೋಗುತ್ತಿದೆ. ಅಥವಾ ಆ ಟ್ರ್ಯಾಕ್ಟರನ್ನು ನಾನೇ ಆಮೇಲೆ ತಂದು ನಿಲ್ಲಿಸಿರಬಹುದು. ಸರಿಯಾಗಿ ಕೇಳಿಸದಿರುವುದಕ್ಕೆ ಒಂದು ಕಾರಣ ಬೇಕಲ್ಲ.

ನಾನು ಮಣ್ಣಿನ ವಿಜ್ಞಾನಿ. ಸಿಂಧನೂರಿನ ಹೊರಗಿರುವ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಕಾಲುವೆ ಬಂದಮೇಲೆ ಈ ಸೀಮೆಯ ಎರೆನೆಲ ವರ್ಷಕ್ಕೆರಡು ಸಲ ಭತ್ತ ಕೊಟ್ಟಿತು, ನೀರು ಬಸಿದುಹೋಗದ ಕಡೆ ಉಪ್ಪನ್ನೂ ಮೇಲಕ್ಕೆ ತಂದಿತು. ಉಪ್ಪೇರಿದ ನೆಲಕ್ಕೆ ಇಲ್ಲಿ ಸವಳು ಎನ್ನುತ್ತಾರೆ. ಎಲ್ಲಿ ಸವಳು ಏರುತ್ತಿದೆ, ಎಲ್ಲಿ ಇಲ್ಲ ಎಂದು ಅಳೆದು ಹೇಳುವುದು ನನ್ನ ಕೆಲಸ. ನಾವು ಏರುತ್ತಿದೆ ಎಂದು ಬರೆದರೆ ಬಸಿಗಾಲುವೆ ತೋಡಬೇಕಾದ ಊರುಗಳ ಪಟ್ಟಿಗೆ ಆ ಜಾಗದ ಹೆಸರು ಹೋಗುತ್ತದೆ. ಇಲ್ಲ ಎಂದರೆ ಹೋಗುವುದಿಲ್ಲ. ವಳಕಮದಿನ್ನಿಯ ಕಾಲುವೆ ತಿರುವಿನ ಹನ್ನೆರಡು ಗದ್ದೆಗಳಲ್ಲಿ ಮೂರು ಬೇಸಿಗೆ ಮಣ್ಣು ತೆಗೆಸಿ, ಲೆಕ್ಕ ಹಾಕಿ, ನಾನು ಇಲ್ಲ ಎಂದು ಬರೆದಿದ್ದೆ.

ಆ ವರದಿಯನ್ನು ಊರಿನ ಶಾಲೆಯ ಕಟ್ಟೆಯ ಮೇಲೆ ಓದಿದ ದಿನ ನಡುವಯಸ್ಸಿನ ಹೆಣ್ಣುಮಗಳೊಬ್ಬರು ಎದ್ದು ನಿಂತರು. ಹನ್ನೆರಡರಲ್ಲಿ ಒಂದು ಗದ್ದೆ ಅವರದು. ಉಳುಮೆಯಿಂದ ಕೊಯ್ಲಿನವರೆಗೆ ಎಲ್ಲವನ್ನೂ ಅವರೇ ನಿಂತು ಮಾಡಿಸುತ್ತಿದ್ದರು.

"ಏನ್ರಿ ಸಾಹೇಬ್ರ, ನನ್ನ ಗದ್ದ್ಯಾಗ ಸವಳಿಲ್ಲ ಅಂತ ನಿಮ್ಮ ಕಾಗದ ಹೇಳ್ತೈತೇನು?"

"ಹೌದವ್ವಾ. ಸರಾಸರಿ ನೋಡಿದ್ರ ಮಿತಿ ಒಳಗ ಐತಿ."

"ಹಂಗಾರ ಆ ಕಾಗದಾನ ತಂದು ನನ್ನ ಮೂಲ್ಯಾಗ ನಾಟಿ ಮಾಡ್ರಿ. ಭತ್ತ ಅಂತೂ ಬರವಲ್ದು, ಕಾಗದರ ಚಿಗಿತೈತೇನು ನೋಡೂಣು."

ಕಟ್ಟೆಯ ತುಂಬ ನಗು. ನಾನೂ ನಕ್ಕೆ. ಆಮೇಲೆ ಸರಾಸರಿ ಎಂದರೇನು ಎಂದು ವಿವರಿಸಲು ಹೋದೆ.

"ನನ್ನ ಕಾಲಿಗೆ ಸರಾಸರಿ ಗೊತ್ತಿಲ್ರಿ," ಎಂದರು ಆಕೆ. "ಬೆಳ್ಳಗ ಉಕ್ಕಿದ್ದು ಗೊತ್ತಾಗ್ತೈತಿ." ಅಷ್ಟು ಹೇಳಿ ಕೂತರು.

ಆಕೆ ಅಂದು ಮೂಲೆ ಎಂಬ ಮಾತು ಆಡಿದರು ಎಂಬುದು ನನಗೀಗ ತುಂಬ ಮುಖ್ಯ. ಅಷ್ಟು ಮುಖ್ಯವಾದ್ದರಿಂದಲೇ ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ.

ಇದಾದ ಎಷ್ಟೋ ವರ್ಷಗಳ ಮೇಲೆ ನಮ್ಮ ಕೇಂದ್ರಕ್ಕೆ ಮೇಲಿನಿಂದ ಒಂದು ಆದೇಶ ಬಂತು. ಇನ್ನುಮುಂದೆ ಎಲ್ಲ ಲೆಕ್ಕಾಚಾರ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲೇ ಆಗಬೇಕು; ಹಳೆಯ ಅಧ್ಯಯನಗಳನ್ನೂ ಅದಕ್ಕೆ ಬದಲಾಯಿಸಿ ಒಪ್ಪಿಸಬೇಕು. ನನಗೆ ಸಿಟ್ಟು ಬಂತು. ಧಾರವಾಡದಲ್ಲಿ ಓದುತ್ತಿದ್ದಾಗ ಕಲಿತ ಭಾಷೆ ನನ್ನದು, ಅದರ ಹೆಸರು ಆರ್, ಒಂದೇ ಅಕ್ಷರ. ಅಂಕಿಅಂಶದವರು ಅಂಕಿಅಂಶದವರಿಗಾಗಿಯೇ ಮಾಡಿಕೊಂಡ ಭಾಷೆ. ಒಂದು ಬೆಲೆಯನ್ನು ಒಂದು ಹೆಸರಿನೊಳಗೆ ಇಡಬೇಕಾದರೆ ಅದರಲ್ಲಿ ಸಣ್ಣ ಬಾಣ ಹಾಕುತ್ತೇವೆ: ಈ ಬೆಲೆ ಈ ಹೆಸರಿಗೆ ಹೋಯಿತು ಎಂದು ಕಣ್ಣಿಗೆ ಕಾಣುತ್ತದೆ. ಇಪ್ಪತ್ತು ವರ್ಷ ಆ ಬಾಣ ಹಾಕಿದ ಬೆರಳುಗಳು ನನ್ನವು. ಇವು ಈಗ ಇನ್ನೊಂದು ಭಾಷೆಯಲ್ಲಿ ತೊದಲಬೇಕಿತ್ತು.

ಆದೇಶದ ಕಾಗದವನ್ನು ಟೇಬಲ್ಲಿನ ಮೇಲಿಟ್ಟ ಅಟೆಂಡರ್ ನನ್ನ ಮುಖ ನೋಡಿ ಕೇಳಿದ, "ಯಾಕ್ರಿ ಸರ, ವರ್ಗಾ ಮಾಡ್ಯಾರೇನು?"

"ಇಲ್ಲೋ. ಆರ್ ಬಿಟ್ಟು ಪೈಥಾನ್ ಹಿಡೀಬೇಕಂತ."

"ಆರು ಅಂದ್ರ ಐದರ ಮುಂದಿಂದೇನ್ರಿ?"

"ಅದು ಭಾಷಾ."

"ಮತ್ತ ಇದು?"

"ಇದೂ ಭಾಷಾನ. ಹೆಸರಿನ ಅರ್ಥ ಹೆಬ್ಬಾವು."

"ಯಪ್ಪಾ! ಗದ್ದ್ಯಾಗಿನ ನಾಗರಾವು ಸಾಲ್ದಂತ ಇದನ್ನೊಂದು ಕಳಿಸ್ಯಾರೇನ್ರಿ?"

ಕಲಿಸುವ ಏರ್ಪಾಡು ಲಿಂಗಸುಗೂರಿನಲ್ಲಿ. ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಡಂ ಒಬ್ಬರು ಶನಿವಾರ ಶನಿವಾರ ನಮ್ಮ ಕಡೆಯ ಏಳು ಜನ ವಿಜ್ಞಾನಿಗಳಿಗೆ ಹೇಳಿಕೊಡುತ್ತಿದ್ದರು. ವಯಸ್ಸು ಮೂವತ್ತರ ಆಸುಪಾಸು, ನಮ್ಮೆಲ್ಲರಿಗಿಂತ ಚಿಕ್ಕವರು. ನಾನು ಸಿಂಧನೂರಿನಿಂದ ಬೆಳಗಿನ ಬಸ್ಸು ಹಿಡಿದು, ಮಸ್ಕಿ ದಾಟಿ, ಅಲ್ಲಿ ಇಳಿಯುವಷ್ಟರಲ್ಲಿ ಜಗಳಕ್ಕೆ ತಯಾರಾಗಿರುತ್ತಿದ್ದೆ.

ಮೊದಲ ಶನಿವಾರದ ಜಗಳ ಸೊನ್ನೆಯದು. ನನ್ನ ಹಳೆಯ ಭಾಷೆಯಲ್ಲಿ ಪಟ್ಟಿಯ ಮೊದಲನೆಯದು ಒಂದು. ಹೊಸದರಲ್ಲಿ ಮೊದಲನೆಯದು ಸೊನ್ನೆ, ಎರಡನೆಯದು ಒಂದು.

"ನೆಲದಾಗ ಸೊನ್ನೆ ಅನ್ನೂ ಗುಂಡಿ ಎಲ್ಲೈತ್ರಿ ಮೇಡಂ?" ಎಂದೆ. "ನಾ ತೋಡಿದ ಮೊದಲ್ನೇ ಗುಂಡಿ ಒಂದನೇದು."

"ಈ ಕಟ್ಟಡದಾಗ ಒಂದನೇ ಮಹಡಿ ಎಲ್ಲೈತ್ರಿ ಸರ?"

"ಮ್ಯಾಲ."

"ನಾವೀಗ ಕುಂತದ್ದು?"

"ನೆಲ ಮಹಡಿ. ಅದಕ್ಕ ಯಾರೂ ಸೊನ್ನೆ ಮಹಡಿ ಅನ್ನೂದಿಲ್ರಿ."

"ಲಿಫ್ಟಿನಾಗ ಅಂತಾರ್ರಿ."

"ಲಿಂಗಸುಗೂರಾಗ ಲಿಫ್ಟ್ ತೋರಸ್ರಿ, ಒಪ್ಕೋತೀನಿ."

ಉಳಿದವರು ನಕ್ಕರು, ಮೇಡಂ ಕೂಡ. ಆದರೆ ಒಪ್ಪಿಕೊಳ್ಳಲಿಲ್ಲ. ಅದು ನನಗೆ ಹಿಡಿಸಿತು. ಬಾಯಿ ಮುಚ್ಚಿಸಲು ಅವರು "ಸೀನಿಯರ್ ಇದ್ದೀರಿ" ಎಂದು ಶುರುಮಾಡಲಿಲ್ಲ.

ಎರಡನೆಯ ಶನಿವಾರ ಖಾಲಿ ಜಾಗದ ಜಗಳ. ಹೊಸ ಭಾಷೆಯಲ್ಲಿ ಸಾಲಿನ ಮುಂದೆ ಬಿಟ್ಟ ಖಾಲಿ ಜಾಗಕ್ಕೂ ಅರ್ಥವಿದೆ. ಒಂದು ಅಕ್ಷರದಷ್ಟು ಹೆಚ್ಚುಕಡಿಮೆಯಾದರೆ ಕೆಲಸ ನಿಲ್ಲುತ್ತದೆ. ಬರೆಯದೆ ಬಿಟ್ಟದ್ದಕ್ಕೆ ಅರ್ಥ ಹಚ್ಚುವ ಭಾಷೆ ಎಂಥದ್ದು ಎಂದು ನಾನು ತಗಾದೆ ತೆಗೆದೆ. ಪಕ್ಕದಲ್ಲಿ ಕೂತಿದ್ದ ಕೀಟಶಾಸ್ತ್ರದವರು, ಭತ್ತ ಬೆಳೆಯುವ ಮನೆಯವರು, "ಗದ್ದಿ ಬದು ಸರಿ ಕಟ್ಟಲಿಲ್ಲಂದ್ರ ನೀರು ನಿಂದ್ರತಾವೇನ್ರಿ? ಹಂಗ ಇದು. ಸುಮ್ನ ಬರ್ಕೋರಿ" ಎಂದರು. ನಾನು ಬರೆದುಕೊಂಡೆ. ಒಪ್ಪಲಿಲ್ಲ.

ನಾಲ್ಕನೆಯ ಶನಿವಾರ ಎಲ್ಲರೂ ತಮ್ಮ ತಮ್ಮ ಹಳೆಯ ಕೆಲಸ ತಂದು ಹೊಸ ಭಾಷೆಗೆ ಬದಲಾಯಿಸಿ ನೋಡಬೇಕಿತ್ತು. ನಾನು ವಳಕಮದಿನ್ನಿಯದನ್ನೇ ಒಯ್ದೆ. ಬೇಕೆಂದೇ ಒಯ್ದೆ: ಆ ಲೆಕ್ಕ ಚಿಕ್ಕದು, ಅಚ್ಚುಕಟ್ಟು, ಎಲ್ಲ ಉತ್ತರ ನನಗೆ ಗೊತ್ತು. ಒಂದೊಂದು ಗದ್ದೆಗೆ ಐದು ಮಾದರಿ, ಅಂದರೆ ನಾಲ್ಕು ಮೂಲೆ ಮತ್ತು ನಡುವೆ ಒಂದು. ಒಂದೊಂದು ಮಾದರಿಗೆ ಉಪ್ಪಿನ ಒಂದು ಸಂಖ್ಯೆ. ಹಳೆಯ ಸಾಲುಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಹೊಸ ಭಾಷೆಯಲ್ಲಿ ಬರೆದು, ಓಡಿಸಿದೆ. ಯಂತ್ರ ಯಾವ ತಕರಾರನ್ನೂ ತೆಗೆಯಲಿಲ್ಲ. ಉತ್ತರ ಮಾತ್ರ ಬೇರೆ ಬಂತು. ಹನ್ನೆರಡು ಗದ್ದೆಯಲ್ಲಿ ಒಂದೂ ನನ್ನ ವರದಿಗೆ ತಾಳೆಯಾಗಲಿಲ್ಲ.

ನನಗೆ ಆದ ಸಂತೋಷ ಹೇಳತೀರದು. "ನೋಡ್ರಿ ಮೇಡಂ, ನಿಮ್ಮ ಹೆಬ್ಬಾವು ನನ್ನ ಗದ್ದಿ ನುಂಗೇತಿ!"

ಅವರು ಬಂದು ನನ್ನ ಹಿಂದೆ ನಿಂತು ಎರಡೂ ಬರಹಗಳನ್ನು ಓದಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಪಟ್ಟಿಯ ಹೆಸರಿನ ಪಕ್ಕದಲ್ಲಿ ಚೌಕ ಕಂಸ, ಅದರೊಳಗೆ ಮೈನಸ್ ಒಂದು.

"ಸರ, ಇದನ್ನ ಹಂಗ ಎತ್ತಿ ಇಟ್ಟೀರಲ್ರಿ. ನಿಮ್ಮ ಹಳೇ ಭಾಷಾದಾಗ ಇದಕ್ಕೇನು ಅರ್ಥ?"

"ಮೊದಲ್ನೇದು ಬಿಟ್ಟು ಉಳದದ್ದೆಲ್ಲಾ ಕೊಡು ಅಂತ."

"ಇದ್ರಾಗ ಅರ್ಥ ಬ್ಯಾರೆರಿ. ಹಿಂದಿಂದ ಮೊದಲ್ನೇದು ಕೊಡು ಅಂತ. ಅಂದ್ರ ಕಟ್ಟಕಡೀದು ಒಂದ. ನೀವು ನಾಕರ ಸರಾಸರಿ ಕೇಳೀರಿ, ಅದು ಐದನೇದು ಒಂದನ್ನ ಕೊಟ್ಟೈತಿ."

ಎರಡು ಭಾಷೆಗಳಲ್ಲೂ ಅದೇ ಕಂಸ, ಅದೇ ಗೆರೆ, ಅದೇ ಅಂಕಿ. ಒಂದರಲ್ಲಿ ತೆಗೆದುಹಾಕು, ಇನ್ನೊಂದರಲ್ಲಿ ಎತ್ತಿಕೊಡು. ಇಷ್ಟಕ್ಕೇ ಮುಗಿದಿದ್ದರೆ ಇದು ಚಹಾದ ಹೊತ್ತಿಗೆ ಹೇಳುವ ತಮಾಷೆಯಾಗುತ್ತಿತ್ತು, ನಾನು ಬರೆಯುತ್ತಿರಲಿಲ್ಲ. ಮೇಡಂ ಸಾಲನ್ನು ಹೊಸ ಭಾಷೆಗೆ ತಕ್ಕಂತೆ ತಿದ್ದಲು ಕೈ ಚಾಚಿದವರು ಅಲ್ಲೇ ತಡೆದು ಕೇಳಿದರು:

"ಅದಿರ್ಲಿ ಸರ, ಮೊದಲ್ನೇದು ಯಾಕ ಬಿಡ್ತೀರಿ?"

"ಬೈರಿಗಿ ಸ್ವಚ್ಛ ಮಾಡ್ಲಿಕ್ಕೆ," ಎಂದೆ, ತಡಮಾಡದೆ. "ಹಿಂದಿನ ಗದ್ದಿ ಮಣ್ಣು ಅದಕ್ಕ ಅಂಟಿರ್ತೈತಿ. ಮೊದಲ್ನೇ ಸಲ ಕೊರದದ್ದು ಅದನ್ನ ತೊಳದಂಗ. ಅದನ್ನ ಲೆಕ್ಕಕ್ಕ ಹಿಡಿಯೂದಿಲ್ಲ."

"ಎಲ್ಲಿ ಬರದೈತ್ರಿ ಅದು?"

ಎಲ್ಲಿಯೂ ಬರೆದಿರಲಿಲ್ಲ. ನನ್ನ ಪ್ರೋಗ್ರಾಮಿನಲ್ಲಿ ಆ ಸಾಲಿನ ಪಕ್ಕ ಟಿಪ್ಪಣಿ ಇರಲಿಲ್ಲ. ವರದಿಯಲ್ಲಿ ಒಂದು ವಾಕ್ಯವೂ ಇರಲಿಲ್ಲ. ಚೀಲದಲ್ಲಿದ್ದ ಕ್ಷೇತ್ರ ಪುಸ್ತಕದ ಜೆರಾಕ್ಸ್ ತೆಗೆದು ನೋಡಿದೆ. ಒಂದೊಂದು ಗದ್ದೆಯ ಕೆಳಗೂ ಕ್ಷೇತ್ರ ಸಹಾಯಕರ ಗುಂಡು ಅಕ್ಷರದಲ್ಲಿ ಐದು ಸಾಲು: ಲಾ, ೨, ೩, ೪, ೫. ಯಾವ ಮಾದರಿಗೂ ಒಂದು ಎಂಬ ಅಂಕಿ ಇಡೀ ಪುಸ್ತಕದಲ್ಲಿ ಇರಲಿಲ್ಲ.

"ಲಾ ಅಂದ್ರೇನ್ರಿ?" ಎಂದರು ಮೇಡಂ.

"ಲಾಭ."

ಅವರು ಲಿಂಗಸುಗೂರಿನವರು, ಅಪ್ಪನ ಕಿರಾಣಿ ಅಂಗಡಿಯಲ್ಲಿ ಬೆಳೆದವರು. "ಲಾಭ ಅಂದ್ರ ಒಂದು ಅಲ್ಲೇನ್ರಿ ಸರ?" ಎಂದರು.

ಈ ಕಡೆಯ ಸಂತೆಗಳಲ್ಲಿ ಜೋಳ ಅಳೆಯುವವರು ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. ಲಾಭ, ಎರಡು, ಮೂರು ಎಂದೇ ಎಣಿಸುತ್ತಾರೆ. ಎಣಿಕೆ ಶುಭದಿಂದ ಶುರುವಾಗಲಿ ಎಂದು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಯಾಕೆ ಬಿಟ್ಟೆ ಎಂಬುದನ್ನು ವಾಪಸು ಬರುವ ಬಸ್ಸಿನಲ್ಲಿ ಕೆದಕುತ್ತ ಕೂತೆ. ಬಸ್ಸು ಮಸ್ಕಿಯಲ್ಲಿ ನಿಂತಿತ್ತು. ನಾನು ಹುಟ್ಟಿದ ಊರು.

ನಮ್ಮದು ಬೌದ್ಧರ ಮನೆ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ರಾಹುಕಾಲ, ಶುಭ ದಿಕ್ಕು, ಬೆಕ್ಕು ಅಡ್ಡ ಬರುವುದು, ಇವು ಯಾವುವೂ ನಮ್ಮ ಹೊಸ್ತಿಲೊಳಗೆ ಬಂದಿರಲಿಲ್ಲ. ಯಾರು ಏನೇ ಹೇಳಲಿ, ಕಾರಣ ಕೇಳು ಎಂದು ನಮ್ಮನ್ನು ಬೆಳೆಸಿದವರು ಅವರು. ಅದಕ್ಕೆ ನಾನು ಇವತ್ತಿಗೂ ಋಣಿ, ಆ ಬಗ್ಗೆ ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಆದರೆ ನಮಗೆ ಹೊಲವಿರಲಿಲ್ಲ. ಕಣದಲ್ಲಿ ರಾಶಿ ಅಳೆಯುವ ಮುಂಚೆ ದೇವರಿಗೆಂದು ಒಂದಿಷ್ಟು ತೆಗೆದಿಡುತ್ತಾರೆ ಎಂದು ಯಾರೋ ಹೇಳಿದ್ದನ್ನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ಅದು ಬೇರೆ, ಲಾಭ ಬೇರೆ. ಬಸ್ಸಿನ ಕಿಟಕಿಯ ಪಕ್ಕ ಕೂತು ನನಗನಿಸಿದ್ದು, ಎರಡನ್ನೂ ನಾನು ಒಂದೇ ಗಂಟಿನಲ್ಲಿ ಕಟ್ಟಿದ್ದೆ ಎಂದು: ಈ ಕ್ಷೇತ್ರ ಸಹಾಯಕ ಕಾಕಾ ಮೊದಲ ಮಣ್ಣನ್ನು ದೇವರ ಪಾಲೆಂದು ತೆಗೆಯುತ್ತಾರೆ, ನನ್ನ ವಿಜ್ಞಾನದಲ್ಲಿ ದೇವರಿಗೆ ಜಾಗವಿಲ್ಲ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಬೈರಿಗೆ ತೊಳೆಯುವ ಕಾರಣ ಆಮೇಲೆ ಬೆಳೆದುಕೊಂಡದ್ದು. ಮೊದಮೊದಲು ಇರಬಹುದು ಎಂದಿತ್ತು, ಬರಬರುತ್ತ ಹೌದು ಎಂದಾಯಿತು, ಕೊನೆಗೆ ಅದನ್ನು ಅವರೇ ಹೇಳಿದ್ದರು ಎಂಬ ನೆನಪೂ ಹುಟ್ಟಿತು.

ಇದೂ ಊಹೆಯೇ. ಹಳೆಯ ನೆನಪು ಸುಳ್ಳಾದರೆ ಅದರ ಜಾಗಕ್ಕೆ ಬಂದ ಹೊಸ ನೆನಪು ನಿಜವಾಗಲೇಬೇಕೆಂದೇನೂ ಇಲ್ಲ.

ಸೋಮವಾರ ಐದೂ ಮಾದರಿ ಸೇರಿಸಿ ಲೆಕ್ಕ ಓಡಿಸಿದೆ. ಮೊದಲು ಹಳೆಯ ಭಾಷೆಯಲ್ಲಿ, ಆಮೇಲೆ ಹೊಸದರಲ್ಲಿ. ಈ ಸಲ ಎರಡೂ ತಾಳೆಯಾದವು. ಅರ್ಧಕ್ಕಿಂತ ಹೆಚ್ಚು ಗದ್ದೆಗಳು ಮಿತಿ ದಾಟಿದ್ದವು, ವರ್ಷದಿಂದ ವರ್ಷಕ್ಕೆ ಏರುತ್ತಲೂ ಇದ್ದವು. ಎಲ್ಲ ಗದ್ದೆಯಲ್ಲೂ ಅತಿ ಹೆಚ್ಚು ಉಪ್ಪಿದ್ದುದು ಆ ಮೊದಲ ಮಾದರಿಯಲ್ಲಿ. ಒಂದು ಮೂಲೆ ಪ್ರತಿ ಗದ್ದೆಯಲ್ಲೂ ಹೀಗೆ ಬೇರೆಯಾಗಲು ಕಾರಣವೇನೆಂದು ನನಗೆ ಹೊಳೆಯಲಿಲ್ಲ. ನಿವೃತ್ತರಾಗಿ ಪಾಮನಕಲ್ಲೂರಿನಲ್ಲಿದ್ದ ಕ್ಷೇತ್ರ ಸಹಾಯಕರನ್ನು ಹುಡುಕಿಕೊಂಡು ಹೋದೆ.

ಅವರು ಮನೆಯ ಮುಂದೆ ತೊಗರಿ ಒಣಹಾಕಿ ಕೋಳಿ ಓಡಿಸುತ್ತ ಕೂತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ. "ಬರ್ರಿ ಸರ, ಬರ್ರಿ! ಮಣ್ಣು ಹೊರಸಾಕ ಬಂದೀರೇನು? ಈಗ ಮೊಣಕಾಲು ಕೇಳೂದಿಲ್ರೆಪಾ."

"ಮಣ್ಣು ಬ್ಯಾಡ ಕಾಕಾ. ಮಾತು ಕೇಳಾಕ ಬಂದೀನಿ," ಎಂದು ಎಲ್ಲ ಹೇಳಿದೆ. ಕೊನೆಗೆ ಕೇಳಿದೆ, "ಅವತ್ತು ನೀವು ಲಾಭ ಬಿಡ್ರಿ ಅಂದಿದ್ರೋ, ಬಿಡಬ್ಯಾಡ್ರಿ ಅಂದಿದ್ರೋ?"

"ನಾ ಏನಂದೆ ಅಂತ ನನಗ ಹೆಂಗ ನೆನಪಿರ್ತೈತ್ರಿ? ಎಷ್ಟು ವರ್ಷದ ಮಾತು! ಆದ್ರ ಲಾಭ ಬಿಡ್ರಿ ಅಂತ ಯಾವನರ ಅಂತಾನೇನ್ರಿ? ಅದು ಒಂದನೇದು. ಒಂದನೇದು ಬಿಟ್ರ ಎರಡು ಎಲ್ಲಿಂದ ಬರ್ತೈತಿ?"

"ಬೈರಿಗಿ ಸ್ವಚ್ಛ ಆಗಾಕ ಅಂತ..."

"ಬೈರಿಗಿ ನಾ ಧೋತರದ ಚುಂಗಿಲೆ ಒರಸ್ತಿದ್ನಲ್ರಿ! ನಿಮ್ಮ ಕಣ್ಣ ಮುಂದನ ಒರಸ್ತಿದ್ದೆ. ಮನ್ಯಾಗ ಮುದುಕಿ ದಿನಾ ಬೈತಿದ್ಳು, ಧೋತರ ತುಂಬ ಕೆಸರು ಮಾಡ್ಕೊಂಡ್ ಬರ್ತೀರಿ ಅಂತ."

ನನಗೆ ಅದು ನೆನಪಿರಲಿಲ್ಲ. ಹೇಳಿದ ಮೇಲೆ ನೆನಪಾದಂತೆ ಅನಿಸಿತು. ಅಂಥ ಅನಿಸಿಕೆಗೆ ಬೆಲೆಯಿಲ್ಲವೆಂದು ನನಗೆ ಗೊತ್ತು.

"ಮೊದಲ್ನೇದು ಯಾವ ಮೂಲ್ಯಾಗ ತೆಗಿತಿದ್ರಿ ಕಾಕಾ?"

"ದೇವಮೂಲ್ಯಾಗ. ಮತ್ತೆಲ್ಲಿ?" ಎಂದು ಅವರು ಈಶಾನ್ಯಕ್ಕೆ ಕೈ ತೋರಿಸಿದರು. "ಹೊಲದಾಗ ಯಾವ ಕೆಲಸ ಹಿಡದ್ರೂ ದೇವಮೂಲಿಯಿಂದ ಹಿಡೀಬೇಕು. ನೀವು ಒಂದಿನಾನೂ ಕೇಳ್ಲಿಲ್ಲ. ನಂಬಂಗಿಲ್ಲ, ನಗ್ತೀರಿ ಅಂತ ನಾನೂ ಹೇಳ್ಲಿಲ್ಲ."

ಆ ತಿರುವಿನಲ್ಲಿ ಕಾಲುವೆ ಗದ್ದೆಗಳ ನೈಋತ್ಯಕ್ಕಿದೆ. ನೀರು ಹರಿದು ಬಂದು ನಿಲ್ಲುವುದು ಈಶಾನ್ಯದ ತಗ್ಗಿನಲ್ಲಿ. ನಿಂತ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮೂರು ಬೇಸಿಗೆ, ಹನ್ನೆರಡು ಗದ್ದೆ: ಕಾಕಾ ಭಕ್ತಿಯಿಂದ ಮೊದಲು ಹೋಗಿ ನಿಂತ ಮೂಲೆ ಪ್ರತಿ ಸಲವೂ ಸವಳಿನ ಮೂಲೆ. ಅದನ್ನೇ ನಾನು ವಿಚಾರವಂತಿಕೆಯ ಹೆಸರಿನಲ್ಲಿ ಪ್ರತಿ ಸಲವೂ ಅಳಿಸಿದ್ದೆ. ಕಾರಣ ಕೇಳು ಎಂದು ಕಲಿತು ಬಂದವನು ಒಬ್ಬ ಮನುಷ್ಯನಿಗೆ ಕಾರಣ ಕೇಳಿರಲಿಲ್ಲ.

ನಾನು ಎದ್ದಾಗ ಅವರು, "ನನ್ನ ಹೆಸರಿಗೇನರ ಬರ್ತೈತೇನ್ರಿ ಸರ ಇದು?" ಎಂದು ಕೇಳಿದರು. ಇಲ್ಲ ಎಂದೆ. ಅದನ್ನು ಖಚಿತವಾಗಿಯೇ ಹೇಳಿದೆ.

ಬಸಿಗಾಲುವೆಯ ಹೊಸ ಪಟ್ಟಿ ಆಗ ತಯಾರಾಗುತ್ತಿತ್ತು. ಕಾಗದ ಆ ಪಟ್ಟಿ ಮಾಡುವ ಲಿಂಗಸುಗೂರಿನ ಕಚೇರಿಗೆ ಮುಟ್ಟಲು ಹದಿನೈದು ದಿನವೂ ಇರಲಿಲ್ಲ. ಈ ಸಲ ತಪ್ಪಿದರೆ ಆ ಗದ್ದೆಗಳು ಇನ್ನೆಷ್ಟು ವರ್ಷ ಕಾಯಬೇಕೋ. ತಿದ್ದುಪಡಿಯ ಕರಡು ಬರೆದುಕೊಂಡು ನಮ್ಮ ಮುಖ್ಯಸ್ಥರ ಬಳಿ ಹೋದೆ. ಒಳ್ಳೆಯ ಮನುಷ್ಯ, ಯಾರಿಗೂ ಕೆಡುಕು ಬಯಸಿದವರಲ್ಲ. ಓದಿ, ಕನ್ನಡಕ ತೆಗೆದಿಟ್ಟರು.

"ಇದಕ್ಕೆಲ್ಲ ಇಷ್ಟುದ್ದ ಯಾಕ್ರಿ? ಹಳೇ ಭಾಷಾದಿಂದ ಹೊಸಾದಕ್ಕ ಬದಲಿ ಮಾಡುವಾಗ ಫಲಿತಾಂಶದಾಗ ವ್ಯತ್ಯಾಸ ಬಂದೈತಿ, ಮರುಪರಿಶೀಲನಾ ಆಗ್ಬೇಕು ಅಂತ ಒಂದು ಸಾಲು ಹಾಕ್ರಿ. ಮುಗೀತು."

"ಭಾಷಾ ತಪ್ಪು ಮಾಡಿಲ್ರಿ ಸರ. ಎರಡೂ ಮಾಡಿಲ್ಲ."

"ಮತ್ಯಾರು ಮಾಡ್ಯಾರ?"

"ನಾ ಮಾಡೀನಿ."

"ಹಂಗ ಬರ್ಯಾಕ ಬರೂದಿಲ್ರೀ! ನಿಮ್ಮ ಬಡ್ತಿ ಕಾಗದ ಇನ್ನೂ ಮ್ಯಾಲೇ ಐತಿ. ಕಂಪ್ಯೂಟರ್ ಅಂದ್ರ ಯಾರೂ ಮುಂದ ಕೇಳೂದಿಲ್ಲ. ಮನುಷ್ಯಾ ಅಂದ್ರ ಎಲ್ಲಾರೂ ಕೇಳ್ತಾರ."

"ಕೇಳ್ಲಿ ಸರ."

"ಆತು, ಸಾಕ್ಷಿ ಏನೈತಿ ಹೇಳ್ರಿ. ರಿಟೈರ್ ಆದ ಮುದುಕನ ಮಾತು. ನಿಮ್ಮ ನೆನಪು. ಅದೂ ಸರಿ ಇಲ್ಲಂತ ನೀವ ಹೇಳಾಕತ್ತೀರಿ."

ಅಲ್ಲಿ ಅವರು ಹೇಳಿದ್ದು ಸರಿಯಾಗಿತ್ತು. ಮಣ್ಣಿನ ಪೊಟ್ಟಣಗಳು ಇದ್ದಿದ್ದರೆ ತೋರಿಸಬಹುದಿತ್ತು. ಆದರೆ ಕೇಂದ್ರ ಹೊಸ ಕಟ್ಟಡಕ್ಕೆ ಬಂದಾಗ ಹಳೆಯ ಮಾದರಿಗಳನ್ನೆಲ್ಲ ಹೊರಗೆ ಸುರಿದರು ಎಂದೇ ನಾವೆಲ್ಲ ತಿಳಿದಿದ್ದೆವು. ಆದರೂ ನನ್ನ ಬಳಿ ಒಂದಿತ್ತು: ಬಿಡಲು ಕಾರಣ ಇರಲಿಲ್ಲ. ಬಿಟ್ಟವನು ಕಾರಣ ತೋರಿಸಬೇಕು, ಬಿಡಬೇಡಿ ಎನ್ನುವವರಲ್ಲ. ಇಷ್ಟನ್ನು ಮುಖ್ಯಸ್ಥರಿಗೆ ಹೇಳಿ, ಕರಡನ್ನು ವಾಪಸು ಪಡೆದು, ನನ್ನ ಹೆಸರಿನಲ್ಲೇ ಬರೆದೆ. ಮೊದಲ ಮಾದರಿಯನ್ನು ಲಿಖಿತ ಕಾರಣವಿಲ್ಲದೆ ಕೈಬಿಟ್ಟವನು ನಾನು; ಸೇರಿಸಿದರೆ ಬರುವ ಲೆಕ್ಕ ಇದು, ಬಿಟ್ಟರೆ ಬರುವ ಲೆಕ್ಕ ಇದು; ಸೇರಿಸಿದ್ದೇ ಸರಿಯೆಂದು ನನ್ನ ಅಭಿಪ್ರಾಯ; ಪ್ರೋಗ್ರಾಮಿಂಗ್ ಭಾಷೆಯ ಬದಲಾವಣೆಗೂ ಈ ತಪ್ಪಿಗೂ ಸಂಬಂಧವಿಲ್ಲ. ಕೊನೆಯ ವಾಕ್ಯಕ್ಕೆ ಕೆಳಗೆರೆ ಹಾಕಿದೆ. ಅಂಚೆಗೆ ಹಾಕಲಿಲ್ಲ. ಖುದ್ದು ಬಸ್ಸು ಹತ್ತಿ ಲಿಂಗಸುಗೂರಿಗೆ ಹೋಗಿ ಕೊಟ್ಟು ಮುದ್ರೆ ಹಾಕಿಸಿಕೊಂಡು ಬಂದೆ.

ಅದಾದ ಮೇಲೆ ವಳಕಮದಿನ್ನಿಗೆ ಹೋದೆ. ಅದೇ ಶಾಲೆಯ ಕಟ್ಟೆ. ಹಿಂದೆ ಓದಿದ ವರದಿ ತಪ್ಪು, ತಪ್ಪು ನನ್ನದು, ಹೀಗೆ ಹೀಗೆ ಆಯಿತು ಎಂದು ಎಲ್ಲರ ಮುಂದೆ ಹೇಳಿದೆ. ಆ ಹೆಣ್ಣುಮಗಳು ಮುಂದಿನ ಸಾಲಿನಲ್ಲಿದ್ದರು. ಕೂದಲು ನರೆತಿತ್ತು, ದನಿ ಹಾಗೇ ಇತ್ತು.

"ಅಂದ್ರ ಇಷ್ಟು ವರ್ಷ ನನ್ನ ಮೂಲಿ ದೇವ್ರಿಗೆ ಬಿಟ್ಟಿದ್ರೇನ್ರಿ ಸಾಹೇಬ್ರ?"

"ಹಂಗ ಆತವ್ವಾ."

"ನೀವು ದೇವ್ರನ್ನ ನಂಬೂದಿಲ್ಲಂತ ಕೇಳಿದ್ದೆ."

"ನಂಬೂದಿಲ್ಲ."

"ನಂಬದವ್ರು ಇಷ್ಟು ಬಿಟ್ಟೀರಿ. ನಂಬಿದ್ರ ಪೂರಾ ಗದ್ದಿನ ಬರ್ಕೊಡ್ತಿದ್ರೇನೊ!"

ಈ ಸಲ ಕಟ್ಟೆಯ ಮೇಲೆ ಅಷ್ಟಾಗಿ ಯಾರೂ ನಗಲಿಲ್ಲ. ಆಕೆಯೂ ನಗಲಿಲ್ಲ. ಇರಲಿ ಬಿಡ್ರಿ ಎಂದು ನನ್ನನ್ನು ಸಮಾಧಾನ ಮಾಡಲಿಲ್ಲ. ಮಾಡಬೇಕಾದ ಕಾರಣವೂ ಇರಲಿಲ್ಲ. "ಈಗ ಏನ್ ಮಾಡ್ತೀರಿ, ಅದನ್ನ ಹೇಳ್ರಿ" ಎಂದರು. ಕಾಗದ ಕೊಟ್ಟು ಬಂದಿರುವುದನ್ನು ಹೇಳಿ ಮುದ್ರೆಯ ಪ್ರತಿಯನ್ನು ಅವರ ಕೈಗೇ ಕೊಟ್ಟೆ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮರುಸಮೀಕ್ಷೆಗೆ ಬೇರೆ ತಂಡ ಬಂತು. ನಾನು ದೂರ ನಿಂತೆ. ಗದ್ದೆಯ ಹತ್ತಿರವೂ ಹೋಗಲಿಲ್ಲ. ಅವರ ಲೆಕ್ಕದ ಮೇಲೆ ಆ ತಿರುವಿನ ಹೆಸರು ಪಟ್ಟಿಗೆ ಸೇರಿತು. ನನ್ನ ಬಡ್ತಿಯ ಕಾಗದ ಇನ್ನೂ ಮೇಲೆಯೇ ಇದೆ. ಆ ಬಗ್ಗೆ ಕೇಳಲು ನಾನು ಹೋಗಿಲ್ಲ, ಹೋಗುವುದೂ ಇಲ್ಲ.

ತರಬೇತಿ ಮುಗಿದ ಮೇಲೆ ಮೇಲಿನವರು ಒಂದು ಸುತ್ತೋಲೆ ಕಳಿಸಿದರು. ಹೊಸ ಭಾಷೆಗೆ ಬಂದದ್ದರಿಂದ ಹಳೆಯ ಅಧ್ಯಯನವೊಂದರ ದೋಷ ಬೆಳಕಿಗೆ ಬಂತು ಎಂದು ಹೆಮ್ಮೆಯಿಂದ ಬರೆದಿದ್ದರು. ಅದಕ್ಕೂ ಉತ್ತರ ಬರೆದೆ. ದೋಷ ಬೆಳಕಿಗೆ ತಂದದ್ದು ಭಾಷೆಯಲ್ಲ. ಯಾಕೆ ಬಿಡುತ್ತೀರಿ ಎಂದು ಕೇಳಿದ ಒಬ್ಬ ಮೇಡಂ. ಯಂತ್ರ ನನ್ನ ತಪ್ಪು ಸಾಲನ್ನು ಎರಡು ಭಾಷೆಯಲ್ಲೂ ಒಂದು ಮಾತಾಡದೆ ನುಂಗಿಕೊಂಡಿತ್ತು. ಹೊಸ ಭಾಷೆಯಲ್ಲಿ ಈಗ ಸಲೀಸಾಗಿ ಬರೆಯುತ್ತೇನೆ, ಪ್ರತಿ ಸಾಲಿನ ಪಕ್ಕದಲ್ಲೂ ಯಾಕೆ ಎಂದು ಕನ್ನಡದಲ್ಲಿ ಟಿಪ್ಪಣಿ ಹಾಕುತ್ತೇನೆ. ಸೊನ್ನೆಯಿಂದ ಎಣಿಸುವುದನ್ನು ಮಾತ್ರ ಒಪ್ಪಿಲ್ಲ. ಮೇಡಂ ಸಿಕ್ಕಾಗಲೆಲ್ಲ ಆ ಜಗಳ ಮುಂದುವರಿಯುತ್ತದೆ.

ಬಿಡ್ರಿ ಎಂದರೋ ಬಿಡಬ್ಯಾಡ್ರಿ ಎಂದರೋ ಇವತ್ತಿಗೂ ತಿಳಿದಿಲ್ಲ, ತಿಳಿಯುವ ದಾರಿಯೂ ಇಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಮಸ್ಕಿಯ ಒಂದು ಬಾಡಿಗೆ ಗೋದಾಮನ್ನು ಖಾಲಿ ಮಾಡುವಾಗ ನಮ್ಮ ಕೇಂದ್ರದ ಹಳೆಯ ಮಣ್ಣಿನ ಪೊಟ್ಟಣಗಳು ಸಿಕ್ಕಿವೆ ಎಂದು ಫೋನ್ ಬಂತು. ಹೊರಗೆ ಸುರಿದಿರಲಿಲ್ಲ. ನಾನು ಹೋಗಿ ಎರಡು ದಿನ ಕೂತು ವಳಕಮದಿನ್ನಿಯವನ್ನು ಬೇರ್ಪಡಿಸಿದೆ. ಒಂದೊಂದು ಪೊಟ್ಟಣದೊಳಗೂ ಒಂದು ಚೀಟಿ. ಯಾವ ಮೂಲೆ, ಎಷ್ಟು ಆಳ ಎಂದು ಗದ್ದೆಯಲ್ಲೇ ನಿಂತು ಪೆನ್ಸಿಲ್ಲಿನಲ್ಲಿ ಬರೆದದ್ದು. ಲಾ ಎಂದು ಗುರುತಿದ್ದವು ಮೂವತ್ತಾರು ಇರಬೇಕಿತ್ತು. ಎರಡನ್ನು ಇಲಿ ಕಡಿದು ಚೀಟಿ ಹೋಗಿತ್ತು. ಉಳಿದ ಮೂವತ್ತನಾಲ್ಕರಲ್ಲೂ ದೇವಮೂಲೆ ಎಂದಿದೆ, ಉಳಿದ ನಾಲ್ಕು ಮಾದರಿಗಳಿಗೆ ಇರುವಷ್ಟೇ ಆಳ ಬರೆದಿದೆ. ಬೈರಿಗೆ ತೊಳೆಯಲು ಕೊರೆದ ಮಣ್ಣಾಗಿದ್ದರೆ ಯಾರೂ ಹೀಗೆ ಅಳೆದು ಕಟ್ಟಿಡುವುದಿಲ್ಲ. ತಕ್ಕಡಿಗೆ ಹಾಕಿ ನೋಡಿದೆ, ತೂಕವೂ ಅವುಗಳಷ್ಟೇ ಇದೆ.